ಡೆಲ್ಲಿ ಸಾಹೇಬರ ಬೆಂಗಳೂರು ದರ್ಶನ

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಇದು ಅಮ್ಮಯಮ್ಮನ ಮನೆಯ ಕಾನೂನು. ನಾಲಿಗೆ ತೀರಾ ತುರಿಸಿದರೆ ‘ದೂರ ಹೊರಟ್ರಾ?’ ಎನ್ನಬಹುದು. ಹೊರಟವರು ‘ಹೂಂ, ಇಲ್ಲೇ’ ಎನ್ನಬಹುದು. ಅಲ್ಲಿಗೆ ಮಾತು ಮುಗಿಯಬೇಕು. ಈ ಕಾನೂನಿನ ನೆರಳಲ್ಲಿ ಮೂವತ್ತಾರು ವರ್ಷ ಬೆಳೆದ ಅವಳ ಮಗ ಅನಿಲ್‌ಕುಮಾರ್, ಬಸ್ಸು ಹತ್ತಿದ ಮೇಲೂ ಇದು ಎಲ್ಲಿಗೆ ಹೋಗುತ್ತೆ ಅಂತ ಯಾರನ್ನೂ ಕೇಳಿದವನಲ್ಲ. ಹಾಗಾಗಿ ನೆಲಮಂಗಲಕ್ಕೆಂದು ಹೊರಟು ಎರಡು ಸಲ ತುಮಕೂರು ನೋಡಿಕೊಂಡು ಬಂದಿದ್ದಾನೆ.

ಸೋಂಪುರದ ಕೈಗಾರಿಕಾ ಪ್ರದೇಶದಲ್ಲಿ ಪಂಪುಗಳಿಗೆ ರಬ್ಬರ್ ಸೀಲು ಮಾಡುವ ಕಾರ್ಖಾನೆಯೊಂದಿದೆ. ಅಲ್ಲಿ ಅನಿಲ್‌ಕುಮಾರ್ ಒಂಬತ್ತು ವರ್ಷದಿಂದ ಸ್ಟೋರ್ಸ್ ಅಸಿಸ್ಟೆಂಟ್. ವಾರ ಬಿಟ್ಟು ವಾರ ರಾತ್ರಿ ಪಾಳಿ. ಅವನು ಮನೆಗೆ ಬರುವಾಗ ಮಗಳು ಸ್ಕೂಲಿಗೆ ಹೊರಟಿರುತ್ತಾಳೆ, ಅವಳು ಬರುವಾಗ ಇವನು ಡ್ಯೂಟಿಗೆ ಹೊರಟಿರುತ್ತಾನೆ. ‘ನಿಮ್ಮಪ್ಪ ಹೇಗಿದಾರೆ’ ಅಂತ ಟೀಚರ್ ಕೇಳಿದ್ದಕ್ಕೆ ಆ ಮಗು ‘ಮಲಗಿದಾರೆ’ ಅಂದಿತ್ತು. ಅದನ್ನು ಹೆಂಡತಿ ಅರ್ಪಿತ ನಗುತ್ತಾ ಹೇಳಿದ್ದರೂ ಅನಿಲ್‌ಕುಮಾರನಿಗೆ ನಗು ಬಂದಿರಲಿಲ್ಲ. ಹೋದ ತಿಂಗಳು ಸ್ಟೋರ್ಸ್ ಇನ್‌ಚಾರ್ಜ್ ರಿಟೈರಾದರು. ಇನ್‌ಚಾರ್ಜ್ ಆದವನಿಗೆ ರಾತ್ರಿ ಪಾಳಿಯಿಲ್ಲ, ಬೀಗದಕೈ ಗೊಂಚಲು ಸೊಂಟದಲ್ಲಿ, ಒಂಬತ್ತಕ್ಕೆ ಹೋಗಿ ಆರಕ್ಕೆ ಮನೆ. ಆ ಕುರ್ಚಿ ತನಗೆ ಬರಲಿ ಎಂದು ಅವನು ಹರಕೆ ಹೊರದ ದೇವರು ತಾಲ್ಲೂಕಿನಲ್ಲಿ ಉಳಿದಿರಲಿಲ್ಲ.

ಕುರ್ಚಿ ಯಾರಿಗೆ ಎಂದು ಹೇಳಬೇಕಾದವರು ಡೆಲ್ಲಿಯ ಹೆಡ್ಡಾಫೀಸಿನಿಂದ ಬಂದಿದ್ದ ಆಡಿಟ್ ಸಾಹೇಬರು, ಭಟ್ನಾಗರ್. ಸ್ಟೋರ್ಸಿನಲ್ಲಿ ಪುಸ್ತಕದಲ್ಲಿರುವ ಸಾಮಾನು ಕಪಾಟಿನಲ್ಲೂ ಇದೆಯೇ ಎಂದು ನೋಡಿಹೋಗುವುದು ಅವರ ಕೆಲಸ. ಶುಕ್ರವಾರ ಸಂಜೆ ಮ್ಯಾನೇಜರ್ ವಿಜಯ್ ಅನಿಲ್‌ಕುಮಾರನನ್ನು ಕರೆದರು.

“ಆಡಿಟ್ ಎರಡು ದಿನ ಮುಂಚೇನೇ ಮುಗೀತು ಅನಿಲ್. ಸಾಹೇಬ್ರಿಗೆ ನಾಳೆ ನಾಳಿದ್ದು ಬಿಡುವು. ಬೆಂಗಳೂರಿಗೆ ಹೋಗ್ಬೇಕಂತೆ. ಡ್ರೈವರ್ ಮಾಲೆ ಹಾಕ್ಕೊಂಡು ಶಬರಿಮಲೆಗೆ ಹೋಗಿದಾನೆ. ಗಾಡಿ ನೀನೇ ತಗೊಂಡ್ಹೋಗು. ಬೆಂಗಳೂರು ಗೊತ್ತು ತಾನೇ?”

“ಏನ್ ಸಾರ್ ಹಿಂಗ್ ಕೇಳ್ತೀರಾ? ಬೆಂಗಳೂರು ನನ್ ಅಂಗೈ ಇದ್ದಂಗೆ.”

“ಚೆನ್ನಾಗಿ ನೋಡ್ಕೋ. ಸ್ಟೋರ್ಸ್ ಫೈಲು ಅವ್ರ ಹತ್ರಾನೇ ಇದೆ. ಸೋಮವಾರ ಹೆಸ್ರು ಹೇಳ್ತಾರೆ.”

ಅನಿಲ್‌ಕುಮಾರನ ಅಂಗೈಯಲ್ಲಿದ್ದ ಬೆಂಗಳೂರು ಎಂದರೆ ಒಂದು ಮೂಳೆ ಆಸ್ಪತ್ರೆ, ನಾಲ್ಕು ನೆಂಟರ ಮನೆ, ಯಶವಂತಪುರದ ಮಂಡಿ ಮತ್ತು ಲೆಕ್ಕವಿಲ್ಲದಷ್ಟು ಕಲ್ಯಾಣಮಂಟಪಗಳ ಊಟದ ಹಾಲ್‌ಗಳು. ವಿಧಾನಸೌಧವನ್ನು ಟಿವಿಯಲ್ಲಿ ನೋಡಿದ್ದ. ಐದನೇ ಕ್ಲಾಸಿನಲ್ಲಿ ಸ್ಕೂಲಿನವರು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿದ್ದಾಗ ದಾರಿಯಲ್ಲಿ ವಾಂತಿ ಮಾಡಿಕೊಂಡು ಬಸ್ಸಿನಲ್ಲೇ ಮಲಗಿದ್ದ. ಅವನೊಬ್ಬನದೇ ತಪ್ಪಲ್ಲ. ಐವತ್ತು ಕಿಲೋಮೀಟರ್ ದೂರದಲ್ಲಿರುವ ಊರನ್ನು ಯಾರೂ ನೋಡುವುದಿಲ್ಲ, ನೋಡೋಕೆ ಏನು, ಇಲ್ಲೇ ಇದೆಯಲ್ಲ ಎನ್ನುತ್ತಾರೆ. ಹಾಗನ್ನುತ್ತಲೇ ಮುದುಕರಾಗುತ್ತಾರೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಗೆಸ್ಟ್ ಹೌಸಿನ ಮುಂದೆ ಗಾಡಿ ನಿಲ್ಲಿಸಿದ. ಭಟ್ನಾಗರ್ ಸಾಹೇಬರು ತೆಳ್ಳಗೆ ಉದ್ದಕ್ಕೆ ಇದ್ದರು. ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಜತೆಗೆ ದೊಡ್ಡದೊಂದು ಸೂಟ್‌ಕೇಸು. ಸುತ್ತಾಡೋಕೆ ಇಷ್ಟು ಬಟ್ಟೆ ಯಾಕಪ್ಪಾ, ದೊಡ್ಡವರು ಮಧ್ಯಾಹ್ನ ಒಂದು ಸಲ ಬದಲಾಯಿಸುತ್ತಾರೇನೋ ಅಂದುಕೊಂಡು ಅನಿಲ್‌ಕುಮಾರ್ ಅದನ್ನು ಡಿಕ್ಕಿಗೆ ಹಾಕಿದ. ತನ್ನ ಊರು ದಾರಿಯಲ್ಲೇ ಇದ್ದದ್ದರಿಂದ ತಿಂಡಿಗೆ ಮನೆಗೇ ಕರೆದುಕೊಂಡು ಹೋದ. ಅಮ್ಮಯಮ್ಮ ಅವರೆಕಾಳು ಉಪ್ಪಿಟ್ಟು ಮಾಡಿದ್ದಳು. ಸಾಹೇಬರು ಎರಡು ಸಲ ಹಾಕಿಸಿಕೊಂಡು, ಮೂರನೇ ಸಲ ತಟ್ಟೆಗೆ ಕೈ ಅಡ್ಡ ಹಿಡಿದರು. ಅಮ್ಮಯಮ್ಮ ಬೆರಳ ಸಂದಿಯಲ್ಲೇ ಬಡಿಸಿದಳು.

ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಅನಿಲ್‌ಕುಮಾರನಿಗೆ ಒಂದು ಮಾತು ಕೇಳಬೇಕು ಅನ್ನಿಸಿತು.

“ಸಾರ್, ಫಸ್ಟ್ ಎಲ್ಲಿ...”

ಕಿಟಕಿಯಿಂದ ಅಮ್ಮಯಮ್ಮನ ಕೈ ಒಳಗೆ ಬಂದು ಅವನ ತೋಳು ಚಿವುಟಿತು. “ಹೊರಡೋ ಹೊತ್ನಲ್ಲಿ ಏನ್ಲಾ ಮಾತದು! ಬಾಯ್ ಮುಚ್ಕೊಂಡು ನಡಿ.”

ಅನಿಲ್‌ಕುಮಾರ್ ಬಾಯಿ ಮುಚ್ಚಿದ. ಆದರೆ ಎದುರು ಮನೆಯ ಅಪ್ಪಯ್ಯಣ್ಣನ ಬಾಯಿ ಮುಚ್ಚುವವರು ಯಾರು? ಹಾಲಿನ ಡೈರಿಯಲ್ಲಿ ಮೂವತ್ತು ವರ್ಷ ಕಾರ್ಯದರ್ಶಿಯಾಗಿ ಊರಿನವರ ಹಾಲಿನಲ್ಲಿ ನೀರೆಷ್ಟಿದೆ ಎಂದು ನೋಡಿದ ಮನುಷ್ಯ, ರಿಟೈರಾದ ಮೇಲೆ ಊರಿನವರ ಬದುಕಿನಲ್ಲಿ ನೀರೆಷ್ಟಿದೆ ಎಂದು ನೋಡುತ್ತಿದ್ದ. ಬೀದಿಯ ಮಧ್ಯೆ ಬಂದು ನಿಂತು ಕೂಗಿದ.

“ಏನ್ಲಾ ಅನಿಲ, ಎಲ್ಲಿಗೆ ಸವಾರಿ?”

ಅಮ್ಮಯಮ್ಮ ಹಣೆ ಚಚ್ಚಿಕೊಂಡಳು. ಕಾನೂನಿನಂತೆ ಎಲ್ಲರೂ ಇಳಿದು ಒಳಗೆ ಬರಬೇಕು, ಒಂದೊಂದು ಲೋಟ ನೀರು ಕುಡಿಯಬೇಕು, ಐದು ನಿಮಿಷ ಕೂತು ಹೊಸದಾಗಿ ಹೊರಡಬೇಕು. ಸಾಹೇಬರನ್ನೂ ಇಳಿಸಿದರು. ಅವರು ಏನೂ ಕೇಳದೆ ನೀರು ಕುಡಿದು ಗೋಡೆ ನೋಡುತ್ತಾ ಕೂತರು.

“ತಪ್ಪು ನನ್ ಬಾಯಿಂದ ಆಗಿದೆ ಅಮ್ಮಯಮ್ಮಾ” ಎಂದ ಅಪ್ಪಯ್ಯಣ್ಣ. “ಕೇಳ್ದೋನು ಜತೇಲೇ ಹೋದ್ರೆ ದೋಷ ಇಲ್ಲ. ನಾನೂ ಬಂದ್ಬಿಡ್ತೀನಿ ಬಿಡು.”

ಇಂಥ ಪರಿಹಾರ ಯಾವ ಪಂಚಾಂಗದಲ್ಲೂ ಇಲ್ಲ. ಆದರೆ ಅಪ್ಪಯ್ಯಣ್ಣ ಆಗಲೇ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿದ್ದ, ಜೇಬಿನಿಂದ ಮದುವೆ ಕಾಗದದ ಅರಿಶಿನ ಹಚ್ಚಿದ ಮೂಲೆ ಇಣುಕುತ್ತಿತ್ತು. ಇದೆಲ್ಲ ನಡೆಯುವಾಗ ಪಕ್ಕದ ಮನೆಯ ಲಕ್ಷ್ಮೀದೇವಮ್ಮ ಸಂಪ್ರದಾಯ ಮೀರದೆ ‘ದೂರ ಹೊರಟ್ರಾ?’ ಎಂದು ಮೆತ್ತಗೆ ಕೇಳಿ, ಯಾರೂ ಉತ್ತರ ಕೊಡುವ ಮುಂಚೆ ಒಂದು ಸಿಹಿಗುಂಬಳಕಾಯಿ, ಒಂದು ಚೀಲ ಅವರೆಕಾಯಿ ಡಿಕ್ಕಿಗಿಟ್ಟು ತಾನು ಹಿಂದಿನ ಸೀಟಿನಲ್ಲಿ ಕೂತಿದ್ದಳು.

“ನಮ್ ಕವಿತ ಲಗ್ಗೆರೇಲವ್ಳೆ ಕಣಪ್ಪ. ದಾರೀನೇ ಅಲ್ವಾ.”

ಲಗ್ಗೆರೆ ಯಾರ ದಾರಿಯಲ್ಲೂ ಇಲ್ಲ. ಆದರೆ ಅದನ್ನು ಮಗಳನ್ನು ಕೊಟ್ಟ ತಾಯಿಗೆ ಹೇಳುವ ಧೈರ್ಯ ಅನಿಲ್‌ಕುಮಾರನಿಗಿರಲಿಲ್ಲ.

ಸಾಹೇಬರು ಇಬ್ಬರನ್ನೂ ನೋಡಿ, “ಅನಿಲ್, ಆ್ಯಕ್ಚುಲಿ ಐ ಜಸ್ಟ್ ವಾಂಟೆಡ್...” ಎಂದರು.

“ಯೆಸ್ ಸಾರ್. ನೋ ಪ್ರಾಬ್ಲಂ ಸಾರ್” ಎಂದ ಅನಿಲ್‌ಕುಮಾರ್. ಇಂಗ್ಲಿಷಿನ ವಿಷಯದಲ್ಲಿ ಅವನದೊಂದು ಪದ್ಧತಿಯಿತ್ತು. ಎದುರಿನವರ ವಾಕ್ಯ ಮುಗಿಯುವ ಮುಂಚೆಯೇ ಒಪ್ಪಿಕೊಂಡುಬಿಡಬೇಕು. ಮುಗಿಯಲು ಬಿಟ್ಟರೆ ಉತ್ತರ ಹೇಳಬೇಕಾಗುತ್ತದೆ.

ನೆಲಮಂಗಲ ದಾಟುವಷ್ಟರಲ್ಲಿ ಒಂಬತ್ತೂವರೆ. ಎಂಟನೇ ಮೈಲಿಯಿಂದ ಗೊರಗುಂಟೆಪಾಳ್ಯದವರೆಗೆ ಗಾಡಿಗಳು ಒಂದರ ಹಿಂದೆ ಒಂದು ಅಂಟಿಕೊಂಡಿದ್ದವು. ಅಪ್ಪಯ್ಯಣ್ಣ ಸಾಹೇಬರಿಗೆ ಕನ್ನಡದಲ್ಲೇ ಡೈರಿಯ ಚರಿತ್ರೆ ಹೇಳಿದ. ನಡುವೆ ಸಾಹೇಬರ ಫೋನು ಬಂತು. ‘ಹಾಂ ಹಾಂ, ಥೋಡಾ ಟೈಮ್ ಲಗೇಗಾ’ ಎಂದು ಪಿಸುಗುಟ್ಟಿ ಇಟ್ಟರು. ಅರ್ಧ ಗಂಟೆಗೆ ಮತ್ತೆ ಬಂತು. ಹೆಡ್ಡಾಫೀಸಿನವರಿಗೆ ಶನಿವಾರವೂ ಕರುಣೆಯಿಲ್ಲವಲ್ಲ ಎಂದು ಅನಿಲ್‌ಕುಮಾರ್ ಮನಸ್ಸಿನಲ್ಲೇ ಮರುಗಿದ.

ಲಗ್ಗೆರೆಯಲ್ಲಿ ಚೀಲ ಇಳಿಸಿ ಹೊರಟುಬಿಡುವುದು ಅವನ ಲೆಕ್ಕ. ಆದರೆ ಡೆಲ್ಲಿಯಿಂದ ಬಂದವರನ್ನು ಬಾಗಿಲಲ್ಲೇ ಕಳಿಸಿದರೆ ಕವಿತಳ ಮರ್ಯಾದೆ ಏನಾಗಬೇಕು? ಮೂರನೇ ಮಹಡಿ. ಕಾಫಿ, ಕೋಡುಬಳೆ. ಆಮೇಲೆ ಹೊಸ ಫ್ರಿಜ್ಜಿನ ಬಾಗಿಲು ತೆಗೆದು ತೋರಿಸಿದಳು, ದೇವರ ಕೋಣೆಯ ಟೈಲ್ಸ್ ತೋರಿಸಿದಳು, ಕೆಳಗಿಳಿದ ಮೇಲೆ ನೀರಿನ ಸಂಪಿನ ಮುಚ್ಚಳ ಎತ್ತಿ ತೋರಿಸಿದಳು. ಸಾಹೇಬರು ಬಗ್ಗಿ ನೋಡಿ ‘ವೆರಿ ನೈಸ್’ ಎಂದರು. ಲಕ್ಷ್ಮೀದೇವಮ್ಮ, ಸಂಜೆ ಹೋಗೋವಾಗ ಕರ್ಕೊಂಡೋಗು ಅಂತ ಅಲ್ಲೇ ಉಳಿದಳು.

ಸಾಹೇಬರಿಗೆ ಒಳ್ಳೇ ಸಮಾಧಾನವಾದಂತೆ ಕಂಡಿತು. ಕಾಲು ಚಾಚಿ ಕೂತು, “ವನ್ ಓವರ್?” ಎಂದರು.

“ವನ್ ಓವರ್ ಸಾರ್. ಮೆನಿ ಬ್ಯಾಲೆನ್ಸ್” ಎಂದ ಅನಿಲ್‌ಕುಮಾರ್ ಉತ್ಸಾಹದಿಂದ. ಸಾಹೇಬರ ಮುಖ ಯಾಕೋ ಇಳಿಯಿತು.

“ನೇರ ವಿಧಾನಸೌಧಕ್ಕೆ ಹೋಗ್ಬಿಡಾಣ ಅಪ್ಪಯ್ಯಣ್ಣ.”

“ಲೇ, ಹನ್ನೆರಡಕ್ಕೆ ಮುಹೂರ್ತ ಕಣೋ. ವಿಧಾನಸೌಧ ಎಲ್ಲಿಗೂ ಓಡೋಗಲ್ಲ, ತಾಳಿ ಕಟ್ಟೋದು ನಿಲ್ಲಿಸ್ತಾರಾ? ಇಲ್ಲೇ ರಾಜಾಜಿನಗರ, ಹಿಂಗೋಗಿ ಹಂಗೆ ಬಂದ್ಬಿಡೋದು.”

ಹಿಂಗೆ ಹೋಗಲು ಒಂದು ಗಂಟೆ ಹಿಡಿಯಿತು. ಕಲ್ಯಾಣಮಂಟಪ ಮಾತ್ರ ಕಣ್ಣು ಕುಕ್ಕುವಂತಿತ್ತು. ನಾಲ್ಕು ಮೂಲೆಗೆ ನಾಲ್ಕು ಗೋಪುರ, ಬಾಗಿಲಲ್ಲಿ ಸಿಮೆಂಟಿನ ಎರಡು ಆನೆ, ಕಮಾನಿನ ತುಂಬ ಬಣ್ಣದ ದೀಪ. ಅನಿಲ್‌ಕುಮಾರನಿಗೆ ಅಳು ಬರುವಂತಾಯಿತು. ಅರ್ಧ ದಿನ ಹೋಯಿತು, ಸಾಹೇಬರಿಗೆ ತೋರಿಸಿದ್ದು ಒಂದು ಸಂಪು ಎಂದು ಗೊಣಗಿದ.

“ಅದಕ್ಯಾಕ್ ಅಳ್ತೀಯಾ?” ಎಂದ ಅಪ್ಪಯ್ಯಣ್ಣ ಕಿವಿಯಲ್ಲಿ. “ಡೆಲ್ಲಿಯೋನು, ಅವನಿಗೇನ್ ಗೊತ್ತಾಗ್ತದೆ? ಇದೇ ಅರಮನೆ ಅನ್ನು. ಕಂಬ ಕಂಡ್ರೆ ಸೌಧ ಅನ್ನು, ಗಿಡ ಕಂಡ್ರೆ ಲಾಲ್‌ಬಾಗ್ ಅನ್ನು. ಸಂಜೆ ಹೊತ್ಗೆ ಬೆಂಗ್ಳೂರು ಮುಗೀತು.”

ಅನಿಲ್‌ಕುಮಾರನ ಆತ್ಮಸಾಕ್ಷಿ ಒಂದು ಸಲ ಕೆಮ್ಮಿತು. ಅಷ್ಟರಲ್ಲಿ ಕಣ್ಣ ಮುಂದೆ ಬೀಗದಕೈ ಗೊಂಚಲು ಬಂತು.

“ಸಾರ್, ಪ್ಯಾಲೇಸ್.”

ಸಾಹೇಬರು ಗೋಪುರ ನೋಡಿದರು, ಆನೆ ನೋಡಿದರು, ಅನಿಲ್‌ಕುಮಾರನನ್ನು ನೋಡಿದರು. “ದಿಸ್? ಪ್ಯಾಲೇಸ್?”

“ಯೆಸ್ ಸಾರ್. ಓಲ್ಡ್ ಕಿಂಗ್. ನೌ ಮ್ಯಾರೇಜಿಗೆ ರೆಂಟ್.”

ಸಾಹೇಬರು ಬಹಳ ಹೊತ್ತು ಬಾಗಿಲಲ್ಲೇ ನಿಂತರು. ಒಂದು ಕಂಬವನ್ನು ಕೈಯಿಂದ ಸವರಿದರು. ತುಟಿಯ ಮೇಲೆ ಸಣ್ಣ ನಗು. ‘ಐ ನೋ ದಿಸ್...’ ಎಂದು ಏನೋ ಶುರು ಮಾಡಿದರು, ಅಷ್ಟರಲ್ಲಿ ಗಂಡಿನ ಕಡೆಯವರು ಯಾರೋ ಅವರನ್ನು ಮದುಮಗನ ಆಫೀಸಿನ ಬಾಸ್ ಅಂದುಕೊಂಡು ಕೈಹಿಡಿದು ಸ್ಟೇಜಿಗೆ ಹತ್ತಿಸಿಬಿಟ್ಟರು. ಸಾಹೇಬರು ಅಕ್ಷತೆ ಹಾಕಿ, ಫೋಟೋಗೆ ನಿಂತು, ಪಂಕ್ತಿಯಲ್ಲಿ ಕೂತು ಎರಡು ಹೋಳಿಗೆ ಉಂಡರು. ಬಡಿಸುವವನು ತುಪ್ಪ ತಂದಾಗ ಅವರು ‘ಸ್ವಲ್ಪ ಸ್ವಲ್ಪ’ ಎಂದರು. ಎಷ್ಟು ಬೇಗ ಕಲಿತುಬಿಟ್ಟರು, ಬುದ್ಧಿವಂತರು ಅಂದರೆ ಇವರಪ್ಪ ಎಂದು ಅನಿಲ್‌ಕುಮಾರ್ ಬೆರಗಾದ.

ಊಟವಾದ ಮೇಲೆ ಅಪ್ಪಯ್ಯಣ್ಣ ಬೀಗರ ಪಕ್ಕದಲ್ಲಿ ಎಲೆಯಡಿಕೆ ತಟ್ಟೆ ಎಳೆದುಕೊಂಡು ಕೂತುಬಿಟ್ಟ. “ನೀ ಸುತ್ತಾಡ್ಸ್ಕೊಂಡ್ ಬಾರಪ್ಪ. ಸಂಜೆ ನನ್ನ ಮರೀಬೇಡ.”

ಈಗ ಗಾಡಿಯಲ್ಲಿ ಇಬ್ಬರೇ. ಅನಿಲ್‌ಕುಮಾರ್ ದೇವರನ್ನು ನೆನೆದು ನಿಜವಾದ ವಿಧಾನಸೌಧದ ಕಡೆಗೇ ತಿರುಗಿಸಿದ. ಮೊದಲನೇ ತಿರುವಿನಲ್ಲಿ ಒನ್ ವೇ. ಎರಡನೇ ತಿರುವಿನಲ್ಲಿ ಅಗೆದ ರಸ್ತೆ. ಮೂರನೇ ತಿರುವಿನಲ್ಲಿ ಮತ್ತೆ ಅದೇ ಆನೆಗಳು.

“ಅನಿಲ್, ಲೆಫ್ಟ್ ಈಸ್ ನೋ ಎಂಟ್ರಿ” ಎಂದರು ಸಾಹೇಬರು ಮೊಬೈಲ್ ನೋಡದೆಯೇ.

“ಯೆಸ್ ಸಾರ್” ಎಂದು ಲೆಫ್ಟಿಗೆ ತಿರುಗಿಸಿದ. ಎದುರಿಗೆ ಪೊಲೀಸ್ ಇದ್ದ. ಅವನಿಗೆ ಕೈಮುಗಿದು ರಿವರ್ಸ್ ಬರುವಾಗ ಅನಿಲ್‌ಕುಮಾರನ ಧೈರ್ಯದ ಕೊನೆಯ ಹನಿಯೂ ಬತ್ತಿತು. ಮೆಜೆಸ್ಟಿಕ್ ಆಚೆಗೆ ಅವನು ಹುಟ್ಟಿದಾರಭ್ಯ ಗಾಡಿ ಓಡಿಸಿರಲಿಲ್ಲ. ಆಗ ಅವನ ಕಣ್ಣಿಗೆ ಆರು ಕಂಬ, ಮೇಲೊಂದು ಪುಟ್ಟ ಗುಮ್ಮಟ ಇದ್ದ ಕಟ್ಟಡ ಬಿತ್ತು. ‘ಪತ್ತಿನ ಸಹಕಾರ ಸಂಘ ನಿಯಮಿತ’ ಎಂದು ಕನ್ನಡದಲ್ಲಿ ಬರೆದಿತ್ತು. ಕನ್ನಡದಲ್ಲಿ ಬರೆದದ್ದನ್ನು ಬೆಂಗಳೂರಿನಲ್ಲಿ ಯಾರು ಓದುತ್ತಾರೆ?

“ವಿಧಾನಸೌಧ ಸಾರ್. ಬ್ಯಾಕ್ ಸೈಡ್. ಫ್ರಂಟ್ ಸೈಡ್ ಟುಡೇ ವಿಐಪಿ ಮೂವ್‌ಮೆಂಟ್.”

ಸಾಹೇಬರು ಈಗ ಆ್ಯಕ್ಚುಲಿ ಎನ್ನಲಿಲ್ಲ. ನೆಟ್ಟಗೆ ಕೂತರು. ಕಪಾಟು ಎಣಿಸುವಾಗ ಬರುತ್ತಿದ್ದ ಒಂದು ಹೊಳಪು ಅವರ ಕಣ್ಣಿಗೆ ಬಂದಿತ್ತು. “ಗುಡ್, ಗುಡ್. ನೆಕ್ಸ್ಟ್?” ಎಂದರು.

ಸಾಹೇಬರಿಗೆ ಹುರುಪು ಬಂದದ್ದು ನೋಡಿ ಅನಿಲ್‌ಕುಮಾರನಿಗೂ ರೆಕ್ಕೆ ಬಂತು. ಒಂದು ಬಡಾವಣೆಯ ಪಾರ್ಕು ಲಾಲ್‌ಬಾಗಾಯಿತು. ಅಲ್ಲಿನ ವಾಚ್‌ಮನ್ ಎದ್ದು ಸಾಹೇಬರಿಗೆ ಸಲಾಮು ಹೊಡೆದ. ದೊಡ್ಡ ಮನುಷ್ಯರ ಮುಖದಲ್ಲೇ ಬರೆದಿರುತ್ತೆ ಎಂದುಕೊಂಡ ಅನಿಲ್‌ಕುಮಾರ್. ನೀರಿನ ಓವರ್‌ಹೆಡ್ ಟ್ಯಾಂಕ್ ಹಳೇ ಕೋಟೆಯ ಬುರುಜಾಯಿತು. ಪ್ರತಿಯೊಂದಕ್ಕೂ ಸಾಹೇಬರು ಯಾವ ಕಾಲದ್ದು, ಯಾರು ಕಟ್ಟಿಸಿದ್ದು ಎಂದು ಬಿಡಿಸಿ ಬಿಡಿಸಿ ಕೇಳಿದರು. ಇವನು ಒಂದಕ್ಕೂ ತಡವರಿಸಲಿಲ್ಲ. ತನ್ನಲ್ಲಿ ಇಂಥ ಪ್ರತಿಭೆಯಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಸಂಜೆ ಆರಾಗುತ್ತಾ ಬಂತು. ಕುರ್ಚಿ ಗಟ್ಟಿ ಎಂಬ ನಂಬಿಕೆಯಲ್ಲಿ ಅವನು ಹೇಳಿದ, “ಸಾರ್, ಫುಲ್ ಬೆಂಗಳೂರು ಕಂಪ್ಲೀಟ್. ನೌ ಗೆಸ್ಟ್ ಹೌಸ್?”

“ನೋ. ನೌ ಮೈ ಟರ್ನ್” ಎಂದರು ಸಾಹೇಬರು. “ಸ್ಟ್ರೈಟ್. ಸೆಕೆಂಡ್ ಕ್ರಾಸ್ ರೈಟ್. ಹಂಪ್ ಇದೆ, ಸ್ಲೋ.”

ಎರಡನೇ ಕ್ರಾಸಿನಲ್ಲಿ ಬಲಕ್ಕೆ ತಿರುಗಿದ. ಹಂಪ್ ಇತ್ತು. ಮೂರನೇ ಮನೆಯ ಮುಂದೆ ನಿಲ್ಲಿಸಲು ಹೇಳಿದರು. ಗೇಟಿನ ಪಕ್ಕದ ಕಲ್ಲಿನಲ್ಲಿ ಕನ್ನಡ, ಇಂಗ್ಲಿಷು ಎರಡರಲ್ಲೂ ಕೊರೆದಿತ್ತು: ಭಟ್ನಾಗರ್. ಅನಿಲ್‌ಕುಮಾರ್ ಎರಡನ್ನೂ ಓದಿದ. ಎರಡೂ ಒಂದೇ ಆಗಿತ್ತು. ಒಳಗಿಂದ ಹತ್ತು ಹನ್ನೆರಡರ ಹುಡುಗಿಯೊಂದು ‘ಪಪ್ಪಾ’ ಎಂದು ಓಡಿಬಂದು ಸಾಹೇಬರನ್ನು ತಬ್ಬಿಕೊಂಡಿತು. ಹಿಂದೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಹೆಂಗಸು ಬಂದು ಅನಿಲ್‌ಕುಮಾರನನ್ನು ಕೇಳಿದರು.

“ಏನ್ರೀ, ಬೆಳಿಗ್ಗೆ ಏಳಕ್ಕೇ ಹೊರಟೆ ಅಂದ್ರು ಇವರು. ಸೋಂಪುರದಿಂದ ರಾಜಾಜಿನಗರಕ್ಕೆ ಹನ್ನೊಂದು ಗಂಟೆ ಬೇಕಾಯ್ತಾ?”

“ಮೇಡಂ... ಸಾಹೇಬ್ರದ್ದು ಡೆಲ್ಲಿ ಅಲ್ವಾ?”

“ಆಫೀಸು ಡೆಲ್ಲಿ. ಮನೆ ಇದೇ. ನಾನು ಪದ್ಮಶ್ರೀ ಅಂತ, ಇವರ ಹೆಂಡತಿ, ಹುಟ್ಟಿದ್ದೇ ಈ ಕ್ರಾಸಲ್ಲಿ. ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ಇವರ ಕನ್ನಡ ಇನ್ನೂ ಸ್ವಲ್ಪ ಸ್ವಲ್ಪದಲ್ಲೇ ನಿಂತಿದೆ. ತಿಂಗಳಿಗೊಂದು ಸಲ ಬರ್ತಾರೆ. ಎರಡು ದಿನ ಬಿಡುವು ಸಿಕ್ತು, ಮನೆಗೊಂದು ಡ್ರಾಪ್ ಕೊಡಿ ಅಂತ ನಿಮ್ಮ ಮ್ಯಾನೇಜರ್ ಹತ್ರ ಹೇಳಿದ್ರಂತೆ.”

ಸಾಹೇಬರು ಹೆಂಡತಿಗೆ ಹಿಂದಿಯಲ್ಲಿ ಏನೋ ಹೇಳಿದರು. ಹೇಳುತ್ತಾ ಹೋದಂತೆ ಪದ್ಮಶ್ರೀ ಗೇಟು ಹಿಡಿದುಕೊಂಡು ನಗತೊಡಗಿದರು.

“ಅರಮನೆ ತೋರಿಸಿದ್ರಂತೆ! ಅಯ್ಯೋ, ನಮ್ಮ ಮದುವೆ ಆಗಿದ್ದೇ ಆ ಅರಮನೇಲಿ ಕಣ್ರೀ. ವಿಧಾನಸೌಧದ ಹಿಂಭಾಗದಲ್ಲಿ ನಮ್ಮ ಮನೆ ಲೋನ್ ಇದೆ. ಊರಲ್ಲಿದ್ದಾಗ ಇವರು ದಿನಾ ವಾಕಿಂಗ್ ಹೋಗೋದು ನಿಮ್ಮ ಲಾಲ್‌ಬಾಗಿಗೇ.”

“ಮತ್ತೆ... ಒಂದು ಮಾತು ಹೇಳಬಾರ್ದಿತ್ತಾ ಮೇಡಂ?”

“ಹೇಳೋಕೆ ಬಾಯಿ ತೆಗೆದಾಗೆಲ್ಲ ನೀವು ಯೆಸ್ ಸಾರ್ ಅಂದ್ರಂತಲ್ಲ! ಕಂಪನಿ ಗಾಡಿ, ಎಲ್ಲರನ್ನೂ ಒಬ್ಬೊಬ್ಬರಾಗಿ ಇಳಿಸ್ತಿದಾರೆ, ನನ್ನ ಸರದೀನೂ ಬರುತ್ತೆ ಅಂತ ಕೂತಿದ್ರಂತೆ. ಮಧ್ಯಾಹ್ನದ ಮೇಲೆ ಮಾತ್ರ ಬೇಕಂತಲೇ ಸುಮ್ಮನಿದ್ರು. ಆಡಿಟ್ ಮಾಡೋ ಬುದ್ಧಿ ಎಲ್ಲಿಗೆ ಹೋಗುತ್ತೆ?”

ಸಾಹೇಬರು ಸೂಟ್‌ಕೇಸು ತೆಗೆದು ಅದರೊಳಗಿಂದ ಒಂದು ಫೈಲು ಎಳೆದರು. ಸ್ಟೋರ್ಸ್ ಇನ್‌ಚಾರ್ಜ್ ಹುದ್ದೆಯ ಹಾಳೆ. ‘ಕೆ. ಅನಿಲ್‌ಕುಮಾರ್’ ಎಂಬ ಹೆಸರು ಆಗಲೇ ಟೈಪಾಗಿತ್ತು. ಕೆಳಗೆ ಸಾಹೇಬರ ಸಹಿ, ನಿನ್ನೆಯ ತಾರೀಖು. ನಿನ್ನೆ ರಾತ್ರಿ ಅನಿಲ್‌ಕುಮಾರ್ ಇನ್‌ಚಾರ್ಜ್ ಆಗಿಯೇ ಮಲಗಿದ್ದ, ಗೊತ್ತಿರಲಿಲ್ಲ ಅಷ್ಟೇ. ಸಾಹೇಬರು ಪೆನ್ನು ತೆಗೆದು ಆ ಹೆಸರಿನ ಮೇಲೆ ನಿಧಾನವಾಗಿ, ಸ್ಕೇಲಿಟ್ಟಷ್ಟು ನೇರವಾಗಿ ಒಂದು ಗೆರೆ ಎಳೆದರು. ಏನೋ ಹೇಳಿದರು. ಪದ್ಮಶ್ರೀಯವರ ನಗು ನಿಂತಿತು. ಕನ್ನಡಕ್ಕೆ ತರಲು ಅವರಿಗೆ ಮನಸ್ಸಿರಲಿಲ್ಲ, ಆದರೂ ತಂದರು.

“ನಿಮ್ಮ ಕಪಾಟು, ಪುಸ್ತಕ ಎಲ್ಲ ಸರಿಯಾಗಿತ್ತಂತೆ. ಆದ್ರೆ ಇಲ್ಲದ ಅರಮನೇನ ಇದೆ ಅಂತ ಇಷ್ಟು ಚೆನ್ನಾಗಿ ತೋರಿಸೋರ ಕೈಗೆ ಬೀಗದಕೈ ಕೊಟ್ರೆ, ನಾಳೆ ಇಲ್ಲದ ಸಾಮಾನು ತೋರಿಸಲ್ಲ ಅಂತ ಹೇಗೆ ನಂಬೋದು ಅಂತಿದಾರೆ.”

ಅನಿಲ್‌ಕುಮಾರ್ ಏನೋ ಹೇಳಲು ಬಾಯಿ ತೆರೆದ. ಒಂಬತ್ತು ವರ್ಷದಲ್ಲಿ ಒಂದು ನಟ್ಟು ಅತ್ತಿತ್ತ ಮಾಡಿದವನಲ್ಲ ಎನ್ನಬೇಕಿತ್ತು. ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ‘ಯೆಸ್ ಸಾರ್’.

ಗೇಟು ಮುಚ್ಚಿತು. ಅವನು ಬಂದು ಗಾಡಿಯಲ್ಲಿ ಕೂತ. ಲಗ್ಗೆರೆಯಿಂದ ಲಕ್ಷ್ಮೀದೇವಮ್ಮ ಫೋನು ಮಾಡಿದಳು. ಅರಮನೆಯಿಂದ ಅಪ್ಪಯ್ಯಣ್ಣ ಮಾಡಿದ. ಎರಡನ್ನೂ ಎತ್ತಲಿಲ್ಲ. ಮೂರನೆಯದು ಅಮ್ಮನದು, ಎತ್ತಿದ.

“ಸಾಹೇಬ್ರಿಗೆ ಖುಷಿ ಆಯ್ತೇನ್ಲಾ? ಬೆಂಗ್ಳೂರೆಲ್ಲ ತೋರ್ಸ್ದಾ?”

“ಇಲ್ಲ ಕಣಮ್ಮ” ಎಂದ ಅನಿಲ್‌ಕುಮಾರ್. “ಅವ್ರೇ ನಂಗೆ ತೋರ್ಸಿದ್ರು.”